ಮಾವನಿಗೊಂದು ಗೀಸರ್

ಹೌಕೆ ಟಾಡ್ಸನ್ ಕನ್ನಡಕದ ಅಂಗಡಿಯವನು. ಎದುರಿಗೆ ಕುಳಿತವರ ಕಣ್ಣಿಗೆ ಒಂದಾದ ಮೇಲೊಂದು ಗಾಜು ಹಿಡಿದು "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ದಿನವಿಡೀ ಕೇಳಿ ಕೇಳಿ, ಮನುಷ್ಯರ ಯಾವ ತೊಂದರೆಯೇ ಆಗಲಿ, ಸರಿಯಾದ ಗಾಜು ಸಿಕ್ಕರೆ ತೀರಿತು ಎಂಬ ನಂಬಿಕೆ ಅವನಿಗೆ ಬಂದುಬಿಟ್ಟಿತ್ತು. ಹಾಗಾಗಿ ಮಾವ ಸ್ನಾನ ಮಾಡುವುದನ್ನು ಬಿಟ್ಟಾಗ ಅವನು ಮಾವನನ್ನು ಏನೂ ಕೇಳಲಿಲ್ಲ. ಗೀಸರನ್ನು ವಿಚಾರಿಸಿಕೊಂಡ.

ವಿಷಯ ಮೊದಲು ಗೊತ್ತಾದದ್ದು ಅವನ ಹೆಂಡತಿ ಬೆಟ್ಟೀನಾಗೆ. ಅವಳ ಅಪ್ಪ ಎವಾಲ್ಡ್ ಸೊಬೊಟ್ಟ ಹೆರ್ನೆ ಎಂಬ ಊರಿನ ಕಲ್ಲಿದ್ದಲ ಗಣಿಯಲ್ಲಿ ಜೀವಮಾನವೆಲ್ಲ ದುಡಿದವನು. ಗಣಿ ಮುಚ್ಚಿ ಎಷ್ಟೋ ಕಾಲವಾದರೂ ಗಣಿ ಕಾಲೊನಿಯ ಅದೇ ಇಟ್ಟಿಗೆ ಮನೆಯಲ್ಲಿ ಕೆಳಗೆ ಅವನು, ಮೇಲೆ ಮಗಳು ಅಳಿಯ, ಹಿತ್ತಲಲ್ಲಿ ಅವನು ಸಾಕಿದ ಪಾರಿವಾಳಗಳ ಗೂಡು. ಅಡಿಗೆಮನೆ ಕೆಳಗೆ, ಬಚ್ಚಲು ಮೇಲೆ, ಎರಡೂ ಎಲ್ಲರಿಗೂ ಸೇರಿದ್ದು. ಶನಿವಾರ ಬಂತೆಂದರೆ ಮುದುಕ ಟವೆಲ್ಲು ಹೆಗಲಿಗೆ ಹಾಕಿಕೊಂಡು ಮೇಲೆ ಹೋಗುತ್ತಿದ್ದ. ತಲೆಗೂದಲು ಒದ್ದೆ ಮಾಡಿಕೊಂಡು, ಕಲೋನ್ ಅತ್ತರಿನ ಘಮ ಬೀರುತ್ತ ಇಳಿದು ಬರುತ್ತಿದ್ದ. ಆ ಘಮದ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಹತ್ತಿರ ಕುಳಿತು ಊಟ ಮಾಡುವವರಿಗೆ ಅದು ತಿಳಿಯದೆ ಇರುತ್ತದೆಯೇ?

"ಸೋಪು ಮುಟ್ಟಿಲ್ಲ, ಹೌಕೆ," ಎಂದಳು ಬೆಟ್ಟೀನಾ ಪಾತ್ರೆ ಒರೆಸುತ್ತ. "ನಾನೇ ಹೊಸದು ಬಿಚ್ಚಿಟ್ಟಿದ್ದೆ. ಅದರ ಮೇಲಿನ ಅಕ್ಷರ ಕೂಡ ಸವೆದಿಲ್ಲ."

"ಕೇಳಿದ್ಯಾ?"

"ಕೇಳ್ದೆ. ನೀರು ಸರಿಯಿಲ್ಲ ಅಂತಾನೆ. ಮಾತು ಅಲ್ಲಿಗೇ ಮುಗೀತು. ನನ್ನ ಕೈಲಿ ಇನ್ನಾಗಲ್ಲ. ಆರೈಕೆ ಸಂಸ್ಥೆಗೆ ಫೋನ್ ಮಾಡಿಬಿಡ್ತೀನಿ. ಪಕ್ಕದ ಮನೆಗೆ ಬರ್ತಾಳಲ್ಲ, ಅಂಥವಳೊಬ್ಬಳು ಬಂದು ಸ್ನಾನ ಮಾಡಿಸಿ ಹೋಗ್ತಾಳೆ."

ಹೌಕೆಯ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಎವಾಲ್ಡ್ ಸೊಬೊಟ್ಟ, ಭೂಮಿಯ ಹೊಟ್ಟೆಗೆ ಇಳಿದು ಕಲ್ಲು ಒಡೆದು ಮೇಲೆ ಬಂದ ಮನುಷ್ಯ, ಕೈಗವಸು ಹಾಕಿದ ಯಾರೋ ಅಪರಿಚಿತ ಹೆಂಗಸಿನ ಮುಂದೆ ಮಗುವಿನ ಹಾಗೆ ಕೈ ಮೇಲೆತ್ತಿ ನಿಲ್ಲುವುದೆಂದರೆ? ಮಾವ ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಆದರೆ ಅವತ್ತಿನಿಂದ ಆ ಮನುಷ್ಯ ತಲೆ ಎತ್ತುವುದಿಲ್ಲ ಎಂದು ಅವನಿಗೆ ಖಂಡಿತವಾಗಿ ಗೊತ್ತಿತ್ತು.

"ತಡಿ," ಎಂದ. "ನೀರು ಸರಿಯಿಲ್ಲ ಅಂದ್ರಲ್ಲ, ಅದು ಸುಳ್ಳಲ್ಲ. ಗೀಸರ್ ಬದಲಾಯಿಸೋಣ. ಹೊಸದು ಬಂದ ಮೇಲೆ ಮೊದಲನೇ ಶನಿವಾರವೂ ಅವರು ಸ್ನಾನ ಮಾಡಲಿಲ್ಲ ಅಂದ್ರೆ ಸೋಮವಾರ ಫೋನ್ ಮಾಡು. ನಾನು ಅಡ್ಡ ಬರಲ್ಲ."

"ಮಾತು ಕೊಟ್ಟ ಹಾಗೆ?"

"ಕೊಟ್ಟೆ."

ನೀರು ಸರಿಯಿಲ್ಲದ್ದು ನಿಜವೇ. ಗೋಡೆಗೆ ನೇತುಬಿದ್ದಿದ್ದ ಹಳೆಯ ಗೀಸರು ಟ್ಯಾಂಕಿಲ್ಲದ್ದು, ನೀರು ಹರಿದು ಹೋಗುವಾಗಲೇ ಕಾಯಿಸುವಂಥದ್ದು. ಕೆಳಗೆ ಅಡಿಗೆಮನೆಯಲ್ಲಿ ಯಾರಾದರೂ ಬಿಸಿನೀರಿನ ನಲ್ಲಿ ತಿರುಗಿಸಿದರೆ ಮೇಲೆ ಸ್ನಾನ ಮಾಡುವವನ ತಲೆಯ ಮೇಲೆ ಐಸು ಬೀಳುತ್ತಿತ್ತು. ನಲ್ಲಿ ನಿಲ್ಲಿಸಿದರೆ ಚರ್ಮ ಸುಲಿಯುವಷ್ಟು ಬಿಸಿ. ಆ ಮನೆಯಲ್ಲಿ ಸ್ನಾನಕ್ಕೆ ಹೋಗುವವರು ಮೆಟ್ಟಿಲ ತುದಿಯಲ್ಲಿ ನಿಂತು "ಯಾರೂ ನಲ್ಲಿ ಮುಟ್ಟಬೇಡಿ" ಎಂದು ಕೂಗಿಯೇ ಒಳಗೆ ಹೋಗುತ್ತಿದ್ದರು.

ಈ ಹೌಕೆಯ ಸ್ವಭಾವ ಇಲ್ಲೇ ಹೇಳಿಬಿಡುವುದು ಮೇಲು. ಅವನು ಉತ್ತರದ ಸಮುದ್ರದ ಕಡೆಯವನು. ಅಲ್ಲಿ ಇಬ್ಬರು ಎದುರಾದರೆ ಒಂದೇ ಒಂದು ಪದದಲ್ಲಿ ನಮಸ್ಕಾರ ಹೇಳುತ್ತಾರೆ, ಅಷ್ಟಕ್ಕೇ ಜಾಸ್ತಿ ಮಾತಾಡಿದೆವೇನೋ ಎಂದು ಗಾಳಿಗೆ ಮುಖ ತಿರುಗಿಸುತ್ತಾರೆ. ಅವನ ಸ್ವಂತ ಅಪ್ಪ ಮಗನ ಮದುವೆಯ ದಿನವೂ ಕೈ ಕುಲುಕಿದ್ದನೇ ಹೊರತು ಅಪ್ಪಿಕೊಂಡಿರಲಿಲ್ಲ. ಇಂಥವನು ಹೋಗಿ ಹೋಗಿ ಮಾವನ ಮುಂದೆ ನಿಂತು "ಯಾಕೆ ಸ್ನಾನ ಮಾಡ್ತಿಲ್ಲ?" ಎಂದು ಕೇಳುತ್ತಾನೆಯೇ? ಸತ್ತರೂ ಇಲ್ಲ. ನಿಮಿಷಕ್ಕೆ ಎಷ್ಟು ಲೀಟರ್ ನೀರು ಬೇಕು ಎಂದಾದರೆ ಕೇಳಿಯಾನು. ಅವನ ಪ್ರೀತಿಯೆಲ್ಲ ಅಳತೆಯ ದಾರಿಯಲ್ಲೇ ಓಡಾಡುತ್ತಿತ್ತು.

ಮರುದಿನವೇ ಬಕೆಟ್ಟು, ಗಡಿಯಾರ, ಮಾಂಸ ಬೆಂದಿದೆಯೇ ಎಂದು ನೋಡುವ ಥರ್ಮಾಮೀಟರು ಹಿಡಿದುಕೊಂಡು ಬಚ್ಚಲು ಸೇರಿದ. ಹಿಂದೆಯೇ ಎವಾಲ್ಡ್ ಬಂದು ಬಾಗಿಲಿಗೆ ಒರಗಿ ನಿಂತ.

"ಏನೋ ಮೀನುತಲೆ, ನೀರಿಗೆ ಜ್ವರ ಬಂದಿದೆಯಾ?"

ಸಮುದ್ರದ ಕಡೆಯವರನ್ನು ಈ ಊರಲ್ಲಿ ಹಾಗೆಯೇ ಕರೆಯುವುದು. ಮದುವೆಯಾದ ವರ್ಷದಿಂದ ಮಾವ ಅಳಿಯನನ್ನು ಬೇರೆ ಹೆಸರಿನಿಂದ ಕರೆದದ್ದೇ ಕಡಿಮೆ.

"ಹೊಸ ಗೀಸರ್ ತರೋಣ ಅಂತಿದ್ದೀನಿ ಮಾವ. ನಿಮಗೆ ಎಂಥದ್ದು ಬೇಕು?"

ಮುದುಕ ಹಳೆಯ ಗೀಸರಿನ ಕಡೆ ನೋಡಿದ. "ನನಗೋಸ್ಕರ ಯಾಕೆ ಖರ್ಚು?"

"ಎಲ್ಲರಿಗೂ ಬೇಕಲ್ಲ."

"ಹಾಗಾದ್ರೆ ಒಳ್ಳೇದೇ ನೋಡು. ಅವಸರ ಮಾಡ್ಬೇಡ."

ಅವಸರ ಮಾಡಬೇಡ ಎಂಬ ಮಾತನ್ನು ಹೌಕೆ ಒಪ್ಪಿಗೆ ಎಂದುಕೊಂಡ. ಅಂದು ಸಂಜೆಯಿಂದ ಊಟದ ಮೇಜಿನ ತುಂಬ ಗೀಸರುಗಳ ಚಿತ್ರಗಳು ಹರಡಿದವು. ಹದಿನೆಂಟು ಕಿಲೋವ್ಯಾಟ್, ಇಪ್ಪತ್ತೊಂದು, ಇಪ್ಪತ್ತನಾಲ್ಕು, ಇಪ್ಪತ್ತೇಳು. ನೀರಿನ ಒತ್ತಡ ನೋಡಿಕೊಂಡು ಅಂದಾಜಿನಲ್ಲಿ ಕಾಯಿಸುವ ಅಗ್ಗದವು, ಇಟ್ಟ ಬಿಸಿಯನ್ನು ಒಂದು ಡಿಗ್ರಿಯೂ ಬಿಟ್ಟುಕೊಡದ ದುಬಾರಿಯವು.

"ಹದಿನೆಂಟಾ? ಅದು ಚಹಾ ಕೆಟಲ್ಲು," ಎಂದ ಎವಾಲ್ಡ್, ಸಾಸೇಜಿಗೆ ಸಾಸಿವೆ ಗೊಜ್ಜು ಹಚ್ಚುತ್ತ. "ಚಳಿಗಾಲದಲ್ಲಿ ಪೈಪಿನ ನೀರು ಎಷ್ಟು ತಣ್ಣಗಿರುತ್ತೆ ಗೊತ್ತಾ? ಬೆನ್ನು ಒದ್ದೆ ಆಗೋ ಹೊತ್ತಿಗೆ ಹೊಟ್ಟೆ ಒಣಗಿರುತ್ತೆ."

"ಸರಿ, ಇಪ್ಪತ್ತೊಂದು?"

"ಗಣಿಯ ಬಚ್ಚಲಲ್ಲಿ ನೀರು ಹೇಗೆ ಬೀಳ್ತಿತ್ತು ಅಂತೀಯ? ನನ್ನ ತೋಳಿನಷ್ಟು ದಪ್ಪಕ್ಕೆ. ಅಂಥದ್ದು ಅಭ್ಯಾಸ ಆದವನಿಗೆ ಇಪ್ಪತ್ತೊಂದು ಎಲ್ಲಿ ಸಾಲುತ್ತೆ?"

ಬೆಟ್ಟೀನಾ ಕಣ್ಣು ಮೇಲೆ ಮಾಡಿದಳು. ಹೌಕೆಗೆ ಮಾತ್ರ ಎಲ್ಲಿಲ್ಲದ ಉತ್ಸಾಹ. ಇದು ಬೇಡ, ಅದು ಬೇಡ ಎನ್ನುವ ಗಿರಾಕಿಗೆ ಕೊನೆಗೊಮ್ಮೆ ಸರಿಯಾದ ಗಾಜು ಸಿಕ್ಕಿದಾಗ ಮುಖ ಹೇಗೆ ಅರಳುತ್ತದೆ ಎಂದು ಅವನಿಗೆ ತಿಳಿಯದೇ? ಮಾವ ಕೊಂಕು ತೆಗೆದಷ್ಟೂ ಅವನು ಇನ್ನೊಂದು ಚಿತ್ರ ಮುಂದಿಟ್ಟ. ಮುದುಕ ದಿನ ದೂಡುತ್ತಿದ್ದಾನೆ ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ.

ಎಲೆಕ್ಟ್ರಿಷಿಯನ್ ನೆರ್ಮಿನ್ ಬಂದು ಮೀಟರ್ ಪೆಟ್ಟಿಗೆ ತೆಗೆದು ನೋಡಿದಳು. ಅವಳೂ ಆ ಕಾಲೊನಿಯಲ್ಲೇ ಬೆಳೆದವಳು, ಎವಾಲ್ಡ್‌ಗೆ ಹೆದರುವವಳಲ್ಲ.

"ಇಪ್ಪತ್ತೇಳು ಬೇಕು ಅಂದ್ರೆ ಮೀಟರಿಂದ ಬಚ್ಚಲತನಕ ಗೋಡೆ ಕೊರೆದು ಹೊಸ ತಂತಿ ಎಳೀಬೇಕು. ಇಪ್ಪತ್ತನಾಲ್ಕಾದ್ರೆ ಈಗಿರೋದೇ ತಡ್ಕೊಳ್ಳುತ್ತೆ. ಆದ್ರೆ ಗೀಸರೂ ಕರೆಂಟ್ ಒಲೆನೂ ಒಟ್ಟಿಗೆ ಓಡೋ ಹಾಗಿಲ್ಲ. ನಾನೊಂದು ರಿಲೇ ಸ್ವಿಚ್ ಕೂರಿಸ್ತೀನಿ. ಮೇಲೆ ಬಿಸಿನೀರು ಬಿಟ್ರೆ ಕೆಳಗೆ ಒಲೆ ಆರುತ್ತೆ, ನಿಲ್ಲಿಸಿದ್ರೆ ತಾನೇ ಹೊತ್ಕೊಳ್ಳುತ್ತೆ."

"ಶನಿವಾರ ಕೇಕ್ ಬೇಯಿಸ್ತೀನಲ್ಲ, ಅದು?" ಎಂದಳು ಬೆಟ್ಟೀನಾ.

"ಬೇಗ ಸ್ನಾನ ಮುಗಿಸಿ ಬಂದ್ರೆ ಕೇಕಿಗೆ ಗೊತ್ತೂ ಆಗಲ್ಲ."

"ಗೋಡೇನೇ ಕೊರೆದ್ರಾಯ್ತು. ಇಪ್ಪತ್ತೇಳೇ ಇರಲಿ," ಎಂದ ಎವಾಲ್ಡ್.

"ಸುಮ್ನಿರಿ ಅಜ್ಜ. ಮೂವತ್ತು ವರ್ಷ ಕೊರೆದಿದ್ದು ಸಾಲದಾ?" ಎಂದು ನಕ್ಕು ನೆರ್ಮಿನ್ ಪೆಟ್ಟಿಗೆ ಮುಚ್ಚಿದಳು. "ಇಪ್ಪತ್ತನಾಲ್ಕು ಅಂತ ವಿದ್ಯುತ್ ಕಂಪನಿಗೆ ತಿಳಿಸ್ತೀನಿ. ಅವರು ಹೂಂ ಅಂದ ತಕ್ಷಣ ಬಂದು ಹಾಕ್ತೀನಿ."

ಹಾಕಿದಳು. ಬಿಳಿಯ ತೆಳ್ಳನೆಯ ಪೆಟ್ಟಿಗೆ, ಮುಖದಲ್ಲಿ ಹಸಿರು ಅಂಕಿ. ನಲವತ್ತೆರಡು ಡಿಗ್ರಿಗೆ ಇಟ್ಟು ಹೌಕೆ ಮೇಲೆ ನೀರು ಬಿಟ್ಟ, ಬೆಟ್ಟೀನಾ ಕೆಳಗೆ ನಲ್ಲಿ ತಿರುಗಿಸಿದಳು, ನಿಲ್ಲಿಸಿದಳು, ಮತ್ತೆ ತಿರುಗಿಸಿದಳು. ನೀರಿನ ಬಿಸಿ ಒಂದಿಷ್ಟೂ ಅಲುಗಲಿಲ್ಲ. ಹೌಕೆ ಥರ್ಮಾಮೀಟರನ್ನು ಎರಡು ಸಲ ನೋಡಿದ. ಮಾವನನ್ನು ಕರೆದು ಕೈ ಒಡ್ಡಿಸಿದ.

ಎವಾಲ್ಡ್ ಎಡಗೈಯನ್ನು ನೀರಿಗೆ ಹಿಡಿದು ಬಹಳ ಹೊತ್ತು ನಿಂತ. ಕೊಂಕು ಬರುತ್ತದೆ ಎಂದು ಹೌಕೆ ಕಾದ. ಬರಲಿಲ್ಲ.

"ಚೆನ್ನಾಗಿದೆ," ಎಂದಷ್ಟೇ ಹೇಳಿ ಮುದುಕ ಮೆಟ್ಟಿಲಿಳಿದು ಹೋದ. ಅವನ ಬೆನ್ನು ಯಾಕೋ ಗೆದ್ದವನ ಬೆನ್ನಿನ ಹಾಗಿರಲಿಲ್ಲ.

ಶನಿವಾರ ಬಂತು. ಬೆಟ್ಟೀನಾ ಪ್ಲಮ್ ಹಣ್ಣಿನ ಕೇಕನ್ನು ಒಲೆಯೊಳಗೆ ಇಟ್ಟು ಬಾಗಿಲು ಮುಚ್ಚುವುದಕ್ಕೂ, ಎವಾಲ್ಡ್ ಕೋಣೆಯಿಂದ ಎದ್ದು ಏನೂ ಮಾತಾಡದೆ ಮೇಲೆ ಹೋಗುವುದಕ್ಕೂ ಸರಿಹೋಯಿತು. ಗಂಡ ಹೆಂಡತಿ ಇಬ್ಬರೂ ಉಸಿರು ಬಿಗಿ ಹಿಡಿದು ಕುಳಿತರು. ಪೈಪು ಗುಂಯ್‌ಗುಟ್ಟಿತು. ಒಲೆಯ ಕೆಂಪು ದೀಪ ಪಕ್ಕನೆ ಆರಿತು.

"ನೀರು ಬಿಟ್ಟ," ಎಂದು ಬೆಟ್ಟೀನಾ ಪಿಸುಗುಟ್ಟಿದಳು. ಅವಳ ಮುಖ ಅರಳಿ ಹೂವಾಗಿತ್ತು.

ನೀರು ಬೀಳುತ್ತಲೇ ಇತ್ತು. ಒಲೆಯ ಗಾಜಿನ ಬಾಗಿಲೊಳಗೆ ಅರ್ಧ ಉಬ್ಬಿದ್ದ ಕೇಕು ಮೆಲ್ಲಗೆ ನಡುವಿನಲ್ಲಿ ತಗ್ಗಾಯಿತು, ಆಮೇಲೆ ಪೂರಾ ಕುಸಿಯಿತು. ಬೇರೆ ದಿನವಾಗಿದ್ದರೆ ಮನೆ ಎರಡಾಗುತ್ತಿತ್ತು. ಇವತ್ತು ಅವಳು ಕೈ ಕಟ್ಟಿಕೊಂಡು ನಿಂತು ಅದನ್ನು ಮುದ್ದಿನಿಂದ ನೋಡಿದಳು.

"ಹಾಳಾಗಿ ಹೋಗ್ಲಿ ಬಿಡು. ಅಪ್ಪ ಸ್ನಾನ ಮಾಡ್ತಿದಾನೆ. ನಿನ್ನ ಗೀಸರಿಗೆ ನನ್ನ ಕೇಕು ಬಲಿ ಅಂತ ಇಟ್ಕೋ." ಗಂಡನ ನೆತ್ತಿಗೆ ಒಂದು ಮುತ್ತು ಕೊಟ್ಟಳು. "ಸೋಮವಾರ ಫೋನ್ ಮಾಡಲ್ಲ. ನೀನು ಗೆದ್ದೆ."

ಗೆದ್ದವನು ಹಿಗ್ಗುತ್ತಲೇ ಅತ್ತಿತ್ತ ನೋಡಿದ. ಕುರ್ಚಿಯ ಬೆನ್ನಿಗೆ ಎವಾಲ್ಡ್‌ನ ನೀಲಿ ಟವೆಲ್ಲು ಮಡಿಸಿಟ್ಟ ಹಾಗೇ ಇತ್ತು. ಟವೆಲ್ಲಿಲ್ಲದೆ ಸ್ನಾನಕ್ಕೆ ಹೋಗುವ ಮನುಷ್ಯನಲ್ಲ ಅವನು. ಹೌಕೆಯ ಹಿಗ್ಗು ಅಲ್ಲೇ ಇಳಿಯಿತು. "ಟವೆಲ್ ಮರೆತಿದಾರೆ, ಕೊಟ್ಟು ಬರ್ತೀನಿ," ಎಂದು ಮೇಲೆ ಹೋದ.

ಬಾಗಿಲು ತಟ್ಟಿದ. ಉತ್ತರವಿಲ್ಲ. ತಳ್ಳಿದರೆ ತೆರೆಯಿತು. ಬಚ್ಚಲ ತುಂಬ ಹಬೆ. ಬಾನಿಯ ಅಂಚಿನ ಮೇಲೆ ಎವಾಲ್ಡ್ ಪ್ಯಾಂಟು ಬನಿಯನ್ನಿನಲ್ಲೇ ಕುಳಿತಿದ್ದ. ಸುರಿಯುವ ನೀರನ್ನು ಎಡಗೈಯಲ್ಲಿ ಮೊಗೆದು ತಲೆಗೂದಲಿಗೆ ಸವರಿಕೊಳ್ಳುತ್ತಿದ್ದ.

"ಬಾಗಿಲು ಹಾಕು," ಎಂದ. "ಬಿಸಿ ಹೋಗುತ್ತೆ."

ಹೌಕೆ ಬಾಗಿಲು ಹಾಕಿ, ಟವೆಲ್ಲು ಎದೆಗವಚಿಕೊಂಡು ನಿಂತ. ಪಾಪ, ಅವನ ಬಾಯಿಗೆ ಬಂದದ್ದು ಇದು:

"ಬಿಸಿ ಜಾಸ್ತಿ ಆಯ್ತಾ ಮಾವ? ಮೂವತ್ತೆಂಟಕ್ಕೆ ಇಡ್ಲಾ?"

ಮುದುಕ ಅಳಿಯನ ಮುಖವನ್ನೇ ನೋಡಿದ. ಆಮೇಲೆ ಭುಜ ಕುಲುಕುವಂತೆ ನಕ್ಕ. ನಗುವಿನ ನಡುವೆಯೇ ನೋವಿಗೆ ಹಲ್ಲು ಕಚ್ಚಿದ.

"ನೀರು ಚೆನ್ನಾಗಿದೆಯೋ. ಇಂಥ ನೀರು ಗಣೀಲೂ ಕಂಡಿಲ್ಲ. ನೀನು ಅಷ್ಟೆಲ್ಲ ಓಡಾಡೋವಾಗ್ಲೇ ಹೇಳ್ಬೇಕಿತ್ತು, ಬಾಯಿ ಬರಲಿಲ್ಲ. ಹಳೇ ಗೀಸರಿಂದೂ ತಪ್ಪಿರಲಿಲ್ಲ. ನೋಡು."

ಬಲಗೈ ಎತ್ತಿದ. ಅದು ಎದೆಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಅದಕ್ಕಿಂತ ಮೇಲೆ ಹೋಗಲಿಲ್ಲ.

"ಪಾರಿವಾಳದ ಗೂಡಿನ ಏಣಿಯಿಂದ ಜಾರಿದೆ. ಬೆಟ್ಟೀನಾಗೆ ಹೇಳಿದ್ರೆ ಏಣಿ ಮುರೀತಾಳೆ, ಪಾರಿವಾಳ ಮಾರಿಸ್ತಾಳೆ. ಇವತ್ತು ಸರಿಹೋಗುತ್ತೆ, ನಾಳೆ ಸರಿಹೋಗುತ್ತೆ ಅಂತ ಸುಮ್ಮನಿದ್ದೆ. ಒಂದಿನ ಬನಿಯನ್ ತೆಗೆಯಕ್ಕೆ ಹೋಗಿ ತಲೆ ಅದರೊಳಗೇ ಸಿಕ್ಕಾಕ್ಕೊಂಡ್ತು. ಮೇಲಕ್ಕೂ ಬರಲ್ಲ, ಕೆಳಕ್ಕೂ ಇಲ್ಲ. ಗೋಣಿಚೀಲದೊಳಗಿನ ಬೆಕ್ಕಿನ ಥರ ಬಚ್ಚಲೆಲ್ಲ ತಡಕಾಡಿದೆ. ಕೂಗೋಣ ಅಂದ್ರೆ ಓಡಿ ಬರೋಳು ಮಗಳು. ಅವಳ ಮುಂದೆ ಆ ಅವಸ್ಥೇಲಿ ನಿಲ್ಲಲಾ?"

"ನನಗಾದ್ರೂ ಹೇಳ್ಬಾರದಿತ್ತಾ?"

"ನೀನಾದ್ರೂ ಕೇಳ್ಬಾರದಿತ್ತಾ?"

ನಾಚಿಕೆಯಿಂದ ಹೌಕೆಯ ಕಿವಿ ಕೆಂಪಾಯಿತು. ವಾರಗಟ್ಟಲೆ ಅವನು ಗೋಡೆಯ ಪೆಟ್ಟಿಗೆಯನ್ನು ನೋಡಿದ್ದ, ಮನುಷ್ಯನನ್ನು ನೋಡಿರಲಿಲ್ಲ. ಮನುಷ್ಯರ ಕಣ್ಣೊಳಗೆ ಇಣುಕಿ ನೋಡುವುದೇ ಕಸುಬಾದವನು.

ಎವಾಲ್ಡ್ ನೀರನ್ನೇ ನೋಡುತ್ತ ಮಾತಾಡಿದ. "ಗಣೀಲಿ ಕೇಳೋದು ಅನ್ನೋದೇ ಇರಲಿಲ್ಲ ಕಣೋ. ಪಾಳಿ ಮುಗಿಸಿ ಮೇಲೆ ಬಂದ್ರೆ ಎಲ್ಲರೂ ಕರೀ ಭೂತಗಳು. ದೊಡ್ಡ ಬಚ್ಚಲಲ್ಲಿ ಸಾಲಾಗಿ ನಿಲ್ತಿದ್ವಿ. ತನ್ನ ಬೆನ್ನು ತಾನು ತಿಕ್ಕೋಕೆ ಯಾರಿಗಾಗುತ್ತೆ? ಮುಂದಿರೋನ ಬೆನ್ನು ನಾನು ತಿಕ್ತಿದ್ದೆ, ನನ್ನ ಬೆನ್ನು ಹಿಂದಿರೋನು. ಆಮೇಲೆ ಇಡೀ ಸಾಲು ಹಿಂದಕ್ಕೆ ತಿರುಗೋದು, ತಿಕ್ಕಿದೋನಿಗೆ ತಿಕ್ಕೋದು. ಬೆಳಿಗ್ಗೆ ಜಗಳ ಆಡಿದೋನ ಬೆನ್ನೂ ಅಷ್ಟೇ. ಅಷ್ಟು ವರ್ಷದಲ್ಲಿ ಒಂದು ದಿನವೂ ನಾನು ಯಾರ ಹತ್ರನೂ 'ಸ್ವಲ್ಪ ತಿಕ್ಕಪ್ಪ' ಅಂತ ಕೇಳಿದವನಲ್ಲ. ಈಗ ಎಂಬತ್ತರ ಹತ್ರ ಬಂದು ಕೇಳೋದು ಕಲೀಲಾ?"

ಹೌಕೆ ಟವೆಲ್ಲನ್ನು ಮೊಳೆಗೆ ಹಾಕಿದ. ಕನ್ನಡಕ ತೆಗೆದು ಕಿಟಕಿಯ ಹಲಗೆಯ ಮೇಲಿಟ್ಟ. ಅಂಗಿಯ ಗುಂಡಿ ಬಿಚ್ಚತೊಡಗಿದ.

"ಏನೋ ಮಾಡ್ತಿದೀಯ?"

ಮಾತಾಡಿದರೆ ಧೈರ್ಯ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಅಂಗಿ ತೆಗೆದ, ಪ್ಯಾಂಟು ತೆಗೆದ. ಬಂದು ಮಾವನ ಬನಿಯನ್ನಿನ ಎಡತೋಳನ್ನು ಮೊದಲು ಬಿಡಿಸಿ, ತಲೆಯಿಂದ ಪಾರುಮಾಡಿ, ಕೊನೆಗೆ ನೋವಿನ ಭುಜದಿಂದ ಮೆಲ್ಲಗೆ ಜಾರಿಸಿದ.

"ಚಡ್ಡಿ?" ಎಂದ ಎವಾಲ್ಡ್, ತನ್ನದನ್ನು ಒಂದೇ ಕೈಯಲ್ಲಿ ಕಳಚುತ್ತ. "ಗಣೀಲಿ ಚಡ್ಡಿ ಹಾಕ್ಕೊಂಡು ಯಾರೂ ಸ್ನಾನ ಮಾಡಲ್ಲ."

"ಸಮುದ್ರದ ಕಡೆ ಮಾಡ್ತೀವಿ ಮಾವ."

"ಸರಿ, ನಿನ್ನಿಷ್ಟ. ಇನ್ನು ತಿರುಗು."

"ಮೊದಲು ನಿಮ್ಮ ಬೆನ್ನು."

"ಅದಾಗಲ್ಲ. ತಿಕ್ಕದೆ ತಿಕ್ಕಿಸಿಕೊಂಡೋನು ಅಲ್ಲಿ ಒಬ್ಬನೂ ಇರಲಿಲ್ಲ. ಎಡಗೈ ಇನ್ನೂ ಗಟ್ಟಿ ಇದೆ. ತಿರುಗು."

ಹೌಕೆ ಮಾವನ ತೋಳು ಹಿಡಿದು ಬಾನಿಯೊಳಗೆ ನಿಲ್ಲಿಸಿ, ತಾನು ಮುಂದೆ ನಿಂತು, ಗೋಡೆಗೆ ಎರಡೂ ಕೈ ಕೊಟ್ಟು ತಲೆ ತಗ್ಗಿಸಿದ. ನೀರು ಹದವಾಗಿ, ದಪ್ಪಕ್ಕೆ ಸುರಿಯುತ್ತಿತ್ತು. ಹಿಂದಿನಿಂದ ಸೋಪಿನ ಸಮೇತ ಬಂದ ಅಂಗೈ ಬೇರಿನಷ್ಟು ಒರಟು. ಕತ್ತಿನಿಂದ ಸೊಂಟದವರೆಗೆ, ಸೊಂಟದಿಂದ ಕತ್ತಿನವರೆಗೆ, ಚರ್ಮ ಕಿತ್ತು ಬರುವಂತೆ ಅದು ತಿಕ್ಕಿತು. ಹೌಕೆಯ ಬೆನ್ನನ್ನು ತಿಳಿವಳಿಕೆ ಬಂದ ಮೇಲೆ ಒಬ್ಬ ಗಂಡಸು ಮುಟ್ಟಿದ್ದು ಅದೇ ಮೊದಲು. ಅವನಿಗೆ ಅಳು ಬಂತು. ನೀರು ಬೀಳುವಾಗ ಅತ್ತರೆ ಯಾರಿಗೆ ತಿಳಿಯುತ್ತದೆ ಎಂದು ಧಾರಾಳವಾಗಿ ಅತ್ತ.

"ಬೆನ್ನಲ್ಲ ಇದು, ಹಲಗೆ," ಎಂದ ಮುದುಕ. "ಬೆಟ್ಟೀನಾ ನಿನಗೆ ಊಟ ಹಾಕ್ತಾಳೋ ಇಲ್ವೋ? ಹೂಂ, ಆಯ್ತು."

ಇಬ್ಬರೂ ತಿರುಗಿದರು. ಮಾವನ ಬೆನ್ನು ಅಗಲವಾಗಿ, ಬಿಳಿಯಾಗಿ, ಅಲ್ಲಲ್ಲಿ ನೀಲಿ ಗೆರೆಗಳಿಂದ ತುಂಬಿತ್ತು. ಎಡಗಡೆಯ ಪಕ್ಕೆಯ ಮೇಲಿನ ಒಂದು ಗೆರೆಯನ್ನು ಹೌಕೆ ಕೊಳೆಯೆಂದುಕೊಂಡು ಸೋಪು ಹಚ್ಚಿ ತಿಕ್ಕಿದ, ಮತ್ತೆ ಹಚ್ಚಿ ಮತ್ತೆ ತಿಕ್ಕಿದ.

"ಅದು ಹೋಗಲ್ಲ, ಬಿಡು. ಗಾಯದೊಳಗೆ ಇದ್ದಲು ಕೂತಿದೆ. ನನ್ನ ಜೊತೆಗೇ ಮಣ್ಣಿಗೆ ಬರುತ್ತೆ."

"ನೋವಾಯ್ತಾ?"

"ಇಲ್ಲ. ಇನ್ನೂ ಸ್ವಲ್ಪ ಗಟ್ಟಿಯಾಗಿ ತಿಕ್ಕು. ಕನ್ನಡಕ ಒರೆಸಿದ ಹಾಗೆ ಒರೆಸ್ಬೇಡ."

ಹೌಕೆ ಗಟ್ಟಿಯಾಗಿ ತಿಕ್ಕಿದ. ಆ ದೊಡ್ಡ ಬೆನ್ನು ಮೆಲ್ಲಮೆಲ್ಲಗೆ ಸಡಿಲಾಗಿ ಅವನ ಕೈಗೆ ಭಾರ ಬಿಟ್ಟುಕೊಟ್ಟಿತು. ಇಬ್ಬರೂ ಅವಸರ ಮಾಡಲಿಲ್ಲ.

ಕೆಳಗೆ ಬೆಟ್ಟೀನಾ, ನೀರು ನಿಂತ ಮೇಲೆ, ಕುಸಿದ ಕೇಕನ್ನು ಹೇಗೋ ಬೇಯಿಸಿ, ಕಾಫಿ ಇಟ್ಟು ಕಾಯುತ್ತಿದ್ದಳು. ಮೆಟ್ಟಿಲಿಳಿದು ಇಬ್ಬರು ಬಂದರು. ಇಬ್ಬರ ತಲೆಯೂ ಒದ್ದೆ, ಇಬ್ಬರ ಮುಖವೂ ಬೇಯಿಸಿದ ಸಿಗಡಿಯ ಬಣ್ಣ. ಕಲೋನಿನ ಘಮವಿಲ್ಲ, ಬರೀ ಸೋಪಿನದು. ಅವಳು ಒಬ್ಬರಿಂದ ಒಬ್ಬರಿಗೆ ಕಣ್ಣು ಹಾಯಿಸಿದಳು.

"ಏನಿದು, ಇಬ್ರೂ?"

ಹೌಕೆ ಕಾಫಿ ಬಗ್ಗಿಸಿಕೊಳ್ಳುವುದರಲ್ಲಿ ಮುಳುಗಿದ. ಎವಾಲ್ಡ್ ಕುರ್ಚಿ ಎಳೆದು ಕೂತು, ಕೇಕಿನ ಚಪ್ಪಟೆ ತುಂಡೊಂದನ್ನು ತಟ್ಟೆಗೆ ಹಾಕಿಕೊಂಡ.

"ಸೋಮವಾರ ಯಾರಿಗೋ ಫೋನ್ ಮಾಡ್ತೀನಿ ಅಂತಿದ್ಯಂತೆ."

ಬೆಟ್ಟೀನಾ ಗಂಡನನ್ನು ದುರುಗುಟ್ಟಿ ನೋಡಿದಳು. "ಅದು... ಇಲ್ಲಪ್ಪ. ಬೇಡ ಅಂದ್ಕೊಂಡೆ."

"ಬೇಡ ಯಾಕೆ, ಮಾಡು. ಡಾಕ್ಟರಿಗೆ ಮಾಡು. ಭುಜ ಏಳ್ತಿಲ್ಲ, ಏಣಿಯಿಂದ ಬಿದ್ದೆ. ಬೈಯೋದಿದ್ರೆ ಕೇಕ್ ತಿಂದ ಮೇಲೆ ಬೈಯಿ."

ಅವಳ ಬಾಯಿ ತೆರೆಯಿತು. ಅಪ್ಪನ ಕೈಯ ಕಡೆ ನೋಡಿದಳು, ಮುಟ್ಟದ ಸೋಪು ನೆನಪಾಯಿತು, ಎಲ್ಲ ಒಟ್ಟಿಗೆ ಅರ್ಥವಾಗಿ ಕಣ್ಣು ತುಂಬಿತು. "ಹಾಗಾದ್ರೆ ಸ್ನಾನಕ್ಕೆ ಯಾರಾದ್ರೂ ಬೇಕಲ್ಲಪ್ಪ?"

"ಯಾರೂ ಬೇಡ," ಎಂದ ಎವಾಲ್ಡ್ ಸೊಬೊಟ್ಟ, ಎಡಗೈಯಿಂದ ಅಳಿಯನ ಕಡೆಗೆ ಕೇಕಿನ ತಟ್ಟೆಯನ್ನು ದೂಡುತ್ತ. "ಬೆನ್ನಿಗೆ ನನಗೆ ಜನ ಇದಾರೆ."